ಗಿರಣಿ ಒಡೆಯನ ರೇಷ್ಮೆ ತೋಟ

ದಿಬ್ಬೂರಹಳ್ಳಿಯನ್ನು ಒಳಗೊಂಡ ಶಿಡ್ಲಘಟ್ಟ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆಯುವವರು, ಹುಳು ಮೇಯಿಸುವವರು, ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಒಬ್ಬರನ್ನೊಬ್ಬರು ಆಶ್ರಯಿಸಿ ಬದುಕುತ್ತಾರೆ. ಮೈಸೂರು ಸೀಮೆಯ ಈ ಕಸುಬಿನ ಚರಿತ್ರೆಯನ್ನು ಹೇಳುವಾಗ 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿದ್ದರಿಂದ ಆರಂಭಿಸಿ, 20ನೇ ಶತಮಾನದ ಮೈಸೂರು ಸರ್ಕಾರದ ರೇಷ್ಮೆ ಇಲಾಖೆಗೆ ಬರುವುದು ವಾಡಿಕೆ. ಇವೆರಡರ ನಡುವೆ ಶ್ರೀಮಂತ ಉದ್ಯಮಿಯೊಬ್ಬರ ಖಾಸಗಿ ಸಂಸ್ಥೆ ಬೆಂಗಳೂರಿನಲ್ಲಿ ನಡೆಸಿದ ಪ್ರಯೋಗವೂ ಇಷ್ಟೇ ಗಮನಕ್ಕೆ ಅರ್ಹವಾಗಿದೆ.

1839ರಲ್ಲಿ ನವಸಾರಿಯಲ್ಲಿ ಹುಟ್ಟಿದ ಜಮ್ಶೆಟ್‌ಜಿ ಟಾಟಾ 1868ರಲ್ಲಿ ಬೊಂಬಾಯಿಯಲ್ಲಿ ಸ್ವಂತ ವ್ಯಾಪಾರ ಸಂಸ್ಥೆಯನ್ನು ಆರಂಭಿಸಿ, 1877ರಲ್ಲಿ ನಾಗಪುರದ ಎಂಪ್ರೆಸ್ ಬಟ್ಟೆ ಗಿರಣಿಯನ್ನು ತೆರೆದರು. ಗಿರಣಿಯಿಂದ ಬಂದ ಹಣವನ್ನು ಅವರು ಗಿರಣಿಗಳಿಗೇ ಸೀಮಿತಗೊಳಿಸದೆ, ಈಜಿಪ್ಟಿನ ಹತ್ತಿಯ ಬೇಸಾಯವನ್ನು ಭಾರತದಲ್ಲಿ ಬೆಳೆಸಲು ಯತ್ನಿಸಿದರು. ಜಪಾನೀ ಕಂಪನಿಯೊಂದರ ಜೊತೆಗೂಡಿ ಹಡಗು ಸಾರಿಗೆಗೂ ಕೈಹಾಕಿದರು. 1903ರಲ್ಲಿ ಬೊಂಬಾಯಿಯ ತಾಜ್ ಮಹಲ್ ಹೋಟೆಲನ್ನು ತೆರೆದರು. ಬೆಂಗಳೂರಿನ ರೇಷ್ಮೆ ತೋಟವೂ ಇಂಥ ಸಾಹಸಗಳ ಸಾಲಿಗೆ ಸೇರಿದ್ದು.

1893ರಲ್ಲಿ ಜಪಾನಿಗೆ ಹೋಗಿದ್ದ ಟಾಟಾ ಅವರು ಅಲ್ಲಿನ ರೇಷ್ಮೆ ಕೃಷಿಯ ಕ್ರಮಬದ್ಧತೆಯನ್ನು ಕಂಡಿದ್ದರು. ಮೈಸೂರು ಸೀಮೆಯ ಹವೆ ಹುಳುವಿಗೆ ಒಗ್ಗುವಂಥದ್ದಾದರೂ 19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿನ ಕಸುಬು ರೋಗದಿಂದ ಸೊರಗಿತ್ತು. ಆ ಶತಮಾನದ ಕೊನೆಯ ದಶಕದಲ್ಲಿ ಮೈಸೂರು ಸರ್ಕಾರದ ನೆರವು ಪಡೆದು, ಬೆಂಗಳೂರಿನ ಬಸವನಗುಡಿಯ ಆಸುಪಾಸಿನಲ್ಲಿ ಅವರು ತೋಟವನ್ನು ಸ್ಥಾಪಿಸಿ, ಅದರ ಆಡಳಿತಕ್ಕೆ ಜಪಾನೀ ತಜ್ಞರನ್ನು ಕರೆಸಿದರು. ಹಿಪ್ಪುನೇರಳೆ ಬೇಸಾಯ, ಹುಳು ಸಾಕಣೆ, ರೋಗಪರೀಕ್ಷೆ, ನೂಲು ಬಿಚ್ಚುವುದು ಇವೆಲ್ಲವನ್ನೂ ಅಲ್ಲಿ ಕಲಿಸಲಾಗುತ್ತಿತ್ತಾದ್ದರಿಂದ ಅದು ತೋಟವಾಗಿದ್ದಷ್ಟೇ ಶಾಲೆಯೂ ಆಗಿತ್ತು.

ಈ ಕಲಿಕೆಯಲ್ಲಿ ರೋಗಪರೀಕ್ಷೆಗೆ ಇದ್ದ ಮಹತ್ವವನ್ನು ತಿಳಿಯಲು ಗಂಟುರೋಗದ ಸ್ವಭಾವವನ್ನು ಅರಿಯಬೇಕು. ಪೆಬ್ರಿನ್ ಎಂದೂ ಕರೆಯುವ ಈ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಸಾಗುತ್ತದೆಯಾದ್ದರಿಂದ, ಹುಳುವಿನಲ್ಲಿ ಲಕ್ಷಣ ಕಾಣುವ ಹೊತ್ತಿಗೆ ಬೆಳೆ ಕೈತಪ್ಪಿರುತ್ತದೆ. 1865ರಿಂದ ಕೆಲವು ವರ್ಷ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಸಂಶೋಧನೆ ನಡೆಸಿದ ಲೂಯಿ ಪಾಶ್ಚರ್ ರೂಪಿಸಿದ ಪರಿಹಾರ ಸರಳವಾದದ್ದು: ಮೊಟ್ಟೆಯಿಟ್ಟ ಚಿಟ್ಟೆಯನ್ನು ದ್ರಾವಣದೊಂದಿಗೆ ಅರೆದು, ಅದರ ಹನಿಯೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ನಾಶಮಾಡಬೇಕು. ಬಿತ್ತನೆ ಕೋಠಿಗಳು, ಅಂದರೆ ರೈತರಿಗೆ ಮೊಟ್ಟೆ ತಯಾರಿಸಿಕೊಡುವ ಕೇಂದ್ರಗಳು, ಇಂದಿಗೂ ಚಿಟ್ಟೆಯ ಪರೀಕ್ಷೆಯನ್ನೇ ನಂಬಿ ನಡೆಯುತ್ತವೆ.

1904ರಲ್ಲಿ ಟಾಟಾ ಅವರು ತೀರಿಕೊಂಡ ಬಳಿಕ ತೋಟ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಕೈಸೇರಿತು. 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಅದೇ ದಶಕದಲ್ಲಿ ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರ ನೆರವಿನಿಂದ ಚನ್ನಪಟ್ಟಣದಲ್ಲಿ ತನ್ನದೇ ಕೆಲಸವನ್ನು ಕೈಗೊಂಡಿತು. ಆದ್ದರಿಂದ ಮೈಸೂರು ರೇಷ್ಮೆಯ ಏಳಿಗೆಯ ಕೀರ್ತಿಯನ್ನೆಲ್ಲ ಟಾಟಾ ತೋಟವೊಂದಕ್ಕೇ ಸಲ್ಲಿಸುವುದು ನ್ಯಾಯವಲ್ಲ. ಆದರೆ ರೇಷ್ಮೆ ಕಸುಬಿಗೆ ಒಳ್ಳೆಯ ಹವೆ, ಸೊಪ್ಪುಗಳಷ್ಟೇ ಸಾಲದೆ ಪರೀಕ್ಷಿಸಿದ ಬಿತ್ತನೆಯೂ ಪಳಗಿದ ಕೈಗಳೂ ಬೇಕೆಂಬುದನ್ನು ಅದು ಸರ್ಕಾರಿ ಇಲಾಖೆ ರೂಪುಗೊಳ್ಳುವ ಮೊದಲೇ ಮನಗಂಡು ಕಲಿಸಲು ಹೊರಟಿತು. ಬಸವನಗುಡಿಯ ಬಡಾವಣೆಯೊಂದಕ್ಕೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಉಳಿದಿದೆ. ಶಿಡ್ಲಘಟ್ಟದ ರೇಷ್ಮೆಯ ಚರಿತ್ರೆಯಲ್ಲೂ ಆ ತೋಟಕ್ಕೆ ಒಂದು ಅಧ್ಯಾಯ ಸಲ್ಲಬೇಕು.