ಅತಿಶುದ್ಧ ನೀರು: ಚಿಪ್ ಉದ್ಯಮದಲ್ಲಿ ತಯಾರಿಕೆ ಮತ್ತು ಪರೀಕ್ಷೆಯ ಚರಿತ್ರೆ

ಸಿಲಿಕಾನ್ ಬಿಲ್ಲೆಗಳ ಮೇಲೆ ಚಿಪ್ ರೂಪಿಸುವಾಗ ಅವನ್ನು ಮತ್ತೆಮತ್ತೆ ತೊಳೆಯಲು ಬಳಸುವ, ಲವಣ, ಸಾವಯವ ವಸ್ತು, ಸೂಕ್ಷ್ಮಕಣ, ಬ್ಯಾಕ್ಟೀರಿಯ ಹಾಗೂ ಕರಗಿದ ಅನಿಲಗಳನ್ನು ಬಹುಮಟ್ಟಿಗೆ ತೆಗೆದ ನೀರು. ಪ್ರಯೋಗಾಲಯಗಳಲ್ಲಿ ಡಿಐ (ಅಯಾನುರಹಿತ) ವಾಟರ್ ಎಂಬ ಹೆಸರೂ ಬಳಕೆಯಲ್ಲಿದೆ. ಕುಡಿಯುವ ನೀರಿನ ಲವಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ರೂಢಿ. ಇಲ್ಲಿ ಲೋಹಾಂಶವನ್ನು ಲಕ್ಷ ಕೋಟಿಯಲ್ಲಿ ಇಷ್ಟು ಭಾಗ ಎಂದು ಎಣಿಸುತ್ತಾರೆ.

ಚರಿತ್ರೆ: ಈ ನೀರಿನ ಕಥೆ ಅಳತೆಯಿಂದಲೇ ಶುರುವಾಗುತ್ತದೆ. 1894ರಲ್ಲಿ ಜರ್ಮನಿಯ ಕೋಲ್‌ರಾಷ್ ಮತ್ತು ಹೈಡ್‌ವೈಲರ್ ನಿರ್ವಾತದಲ್ಲಿ ಬಟ್ಟಿ ಇಳಿಸಿದ ನೀರಿನ ವಿದ್ಯುದ್ವಾಹಕತೆ ಅಳೆದರು. ಕಲ್ಮಶ ಹೋದರೂ ನೀರು ಅತ್ಯಲ್ಪ ವಿದ್ಯುತ್ತನ್ನು ಹರಿಸುತ್ತದೆ. ಅದರ ಅಣುಗಳೇ ಅಯಾನುಗಳಾಗಿ ಒಡೆಯುವುದು ಇದಕ್ಕೆ ಕಾರಣ. ಹೀಗಾಗಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 18.2 ಮೆಗಾಓಮ್-ಸೆಂಟಿಮೀಟರ್ ರೋಧಕತೆಯೇ ಶುದ್ಧಿಯ ಮೇಲಿನ ಗಡಿ. 1935ರಲ್ಲಿ ಬ್ರಿಟನ್ನಿನ ಆಡಮ್ಸ್ ಮತ್ತು ಹೋಮ್ಸ್ ಕೃತಕ ರಾಳಗಳಿಂದ ಅಯಾನು ವಿನಿಮಯ ಸಾಧ್ಯವೆಂದು ತೋರಿಸಿದರು. 1947ರಲ್ಲಿ ಟ್ರಾನ್ಸಿಸ್ಟರ್ ಬಂದಮೇಲೆ ಶುದ್ಧ ನೀರಿನ ಬೇಡಿಕೆ ಬೆಳೆಯಿತು. 1960ರ ಸುಮಾರಿಗೆ ಲೋಬ್ ಮತ್ತು ಭಾರತೀಯ ಮೂಲದ ಸೌರಿರಾಜನ್ ಕ್ಯಾಲಿಫೋರ್ನಿಯದಲ್ಲಿ ರೂಪಿಸಿದ ಪೊರೆ ರಿವರ್ಸ್ ಆಸ್ಮೋಸಿಸ್ (ಆರ್‌ಒ) ವಿಧಾನವನ್ನು ಬಳಕೆಗೆ ತಂದಿತು.

ಇಂದಿನ ಘಟಕದಲ್ಲಿ ಶೋಧನೆ, ಆರ್‌ಒ, ಅನಿಲ ನಿವಾರಣೆ, 185 ನ್ಯಾನೊಮೀಟರ್ ನೇರಳಾತೀತ ಬೆಳಕು, ರಾಳದ ಕೊನೆಯ ಹಂತ, ಅತಿಸೂಕ್ಷ್ಮ ಶೋಧಕಗಳಿರುತ್ತವೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯ ಬೆಳೆಯುವುದರಿಂದ ಕೊಳವೆಗಳಲ್ಲಿ ನೀರು ಸದಾ ಸುತ್ತುತ್ತಿರಬೇಕು.

ಪರೀಕ್ಷೆ: ರೋಧಕತೆಯ ಮೀಟರಿಗೆ ಕಾಣುವುದು ಅಯಾನುಗಳು ಮಾತ್ರ. ಆದ್ದರಿಂದ ಒಟ್ಟು ಸಾವಯವ ಇಂಗಾಲ, ಸಿಲಿಕಾ, ಬೋರಾನ್, ಕರಗಿದ ಆಮ್ಲಜನಕ ಮತ್ತು ಕಣಗಳನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಯೂರಿಯಾ ಇದಕ್ಕೆ ತಕ್ಕ ನಿದರ್ಶನ. ವಿದ್ಯುದಂಶವಿಲ್ಲದ ಈ ಪುಟ್ಟ ಅಣು ಆರ್‌ಒ ಪೊರೆಯಿಂದಲೂ ರಾಳದಿಂದಲೂ ಬಹಳಷ್ಟು ನುಸುಳಿಹೋಗುತ್ತದೆ. ನೇರಳಾತೀತ ಬೆಳಕಿಗೂ ಸುಲಭವಾಗಿ ಒಡೆಯುವುದಿಲ್ಲ. ಹೀಗಾಗಿ ಮೀಟರು 18.2 ತೋರಿಸುತ್ತಿರುವಾಗಲೇ ಬಿಲ್ಲೆಯ ಮೇಲಿನ ಸೂಕ್ಷ್ಮ ಚಿತ್ರಣ ಕೆಡಬಹುದು.

ಕರ್ನಾಟಕದಲ್ಲಿ: 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಜರ್ಮೇನಿಯಂ ಸಾಧನಗಳನ್ನೂ 1967ರಲ್ಲಿ ಸಿಲಿಕಾನ್ ಸಾಧನಗಳನ್ನೂ ತಯಾರಿಸತೊಡಗಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಆರಂಭವಾದ ನ್ಯಾನೊ ವಿಜ್ಞಾನ ಕೇಂದ್ರದ ಸ್ವಚ್ಛಕೊಠಡಿಗಳು ಸಂಶೋಧಕರಿಗೆ ಚಿಪ್ ತಯಾರಿಕೆಯ ಅವಕಾಶ ಒದಗಿಸಿವೆ.

ಚಿಪ್ ತಯಾರಿಕೆಗೆ ಬೇಕಾದ ನೀರಿಗೆ ಇಲ್ಲಿ ನೆಚ್ಚಬಹುದಾದ ನದಿ ಕಾವೇರಿ. ಕೃಷ್ಣರಾಜಸಾಗರದಿಂದ ಹೊರಟ ಅದು ಪಾಲಹಳ್ಳಿಯ ಆಸುಪಾಸಿನಲ್ಲಿ ಸಾಗಿ, ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಕೆಳಗಿಳಿಯುತ್ತದೆ. ತೊರೆಕಾಡನಹಳ್ಳಿಯಿಂದ ಈ ನೀರನ್ನು ಬೆಂಗಳೂರಿಗೆ ಎತ್ತುವ ಯೋಜನೆಯ ಮೊದಲ ಹಂತ 1974ರಲ್ಲಿ ಮುಗಿಯಿತು. ನದಿಯ ದಾರಿಯುದ್ದಕ್ಕೂ ನಾಲೆಯ ನೀರುಂಡ ಭತ್ತ, ಕಬ್ಬಿನ ಗದ್ದೆಗಳಿವೆ. ಮಳೆಗಾಲದಲ್ಲಿ ಗದ್ದೆಗಳ ಬಸಿನೀರು ನದಿಗೆ ಸೇರಿದಾಗ ಗೊಬ್ಬರದ ಯೂರಿಯಾವೂ ಜೊತೆಗೆ ಬರಬಹುದು. ಕುಡಿಯುವವರಿಗೆ ಲೆಕ್ಕಕ್ಕೇ ಬಾರದಷ್ಟು ಅಲ್ಪ ಪ್ರಮಾಣವೂ ಚಿಪ್ ಘಟಕಕ್ಕೆ ತೊಡಕು. ಕಾವೇರಿಯನ್ನು ನೆಚ್ಚಿ ಇಂಥ ಕಾರ್ಖಾನೆ ಕಟ್ಟುವವರು ಘಟಕದ ಕೊನೆಯ ನಲ್ಲಿಯಲ್ಲಷ್ಟೇ ಅಲ್ಲ, ನದಿಯಲ್ಲೂ ವರ್ಷದ ಎಲ್ಲ ಋತುಗಳಲ್ಲಿ ನೀರನ್ನು ಅಳೆಯಬೇಕು. ತೊಳೆದ ನೀರನ್ನು ಮತ್ತೆ ಶುದ್ಧಮಾಡಿ ಬಳಸಿ, ಗದ್ದೆಯ ಪಾಲನ್ನು ಗದ್ದೆಗೆ ಉಳಿಸಬೇಕು.