ಹೈಡ್ರಾಲಿಕ್ ಬ್ರೇಕ್: ಅರ್ಹತಾ ಪತ್ರದ ಪರೀಕ್ಷೆಗೆ ಮುನ್ನ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 56ರ ಮೇರೆಗೆ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. ಮಧುಗಿರಿ (ಕೆಎ-64) ನೋಂದಣಿಯ ಲಘು ಸರಕು ವಾಹನಗಳ ಮಾಲೀಕರು ಈ ಅಂಶಗಳನ್ನು ಗಮನಿಸತಕ್ಕದ್ದು.

ಲಕ್ಷಣ: ಪೆಡಲ್ ಮೆತ್ತಗಾಗಿದ್ದಲ್ಲಿ ಬ್ರೇಕ್ ಕೊಳವೆಗೆ ಗಾಳಿ ಸೇರಿರಬಹುದು. ಗಾಳಿಯು ಒತ್ತಡಕ್ಕೆ ಕುಗ್ಗುವುದರಿಂದ ಕಾಲಿನ ಬಲ ಚಕ್ರಕ್ಕೆ ಪೂರ್ಣವಾಗಿ ತಲುಪುವುದಿಲ್ಲ.

ದುರಸ್ತಿ ಕ್ರಮ:
1. ಸೋರಿಕೆಯಿದ್ದಲ್ಲಿ ಮೊದಲು ಸವೆದ ರಬ್ಬರ್ ಸೀಲುಗಳನ್ನು ಬದಲಾಯಿಸುವುದು.
2. ತಯಾರಕರು ಸೂಚಿಸಿದ ದರ್ಜೆಯ ಹೊಸ ಬ್ರೇಕ್ ಆಯಿಲ್ ತುಂಬುವುದು. ಎಂಜಿನ್ ಆಯಿಲ್ ಬೆರೆಸಿದಲ್ಲಿ ಸೀಲುಗಳು ಉಬ್ಬಿ ಕೆಡುತ್ತವೆ.
3. ತಯಾರಕರು ಸೂಚಿಸಿದ ಚಕ್ರದಿಂದ ಆರಂಭಿಸಿ, ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಬ್ಲೀಡರ್ ಸ್ಕ್ರೂ ಸಡಿಲಿಸುವುದು; ಪೆಡಲ್ ಬಿಡುವ ಮುನ್ನ ಸ್ಕ್ರೂ ಬಿಗಿಯುವುದು.
4. ಗುಳ್ಳೆಗಳು ನಿಲ್ಲುವವರೆಗೆ ಪುನರಾವರ್ತಿಸುವುದು. ಹೊರಬಂದ ಆಯಿಲ್ ಮರುಬಳಸಬಾರದು.

ವಿಶೇಷ ಸೂಚನೆ: ಪೆಡಲ್ ಗಟ್ಟಿಯಾಗದ ಹೊರತು ವಾಹನವನ್ನು ಪರೀಕ್ಷೆಯ ಸ್ಥಳಕ್ಕೂ ಚಲಾಯಿಸಿಕೊಂಡು ಬರಬಾರದು.