ಕವಡಿಮೋಲ

ಮಹಾರಾಷ್ಟ್ರದ ಜತ್ತ ತಾಲೂಕಿನ ಸೊರಡಿ ಕಡೆ ಕನ್ನಡ, ಮರಾಠಿ ಎರಡೂ ಒಂದೇ ಬಾಯಲ್ಲಿ ಇರುತ್ತವೆ. ದಾಳಿಂಬೆಗೆ ದರ ಬಿದ್ದರೆ ಒಬ್ಬರು ‘ಕವಡಿ ಕಿಮ್ಮತ್ತಿಲ್ಲ’ ಅಂದಾರು, ಇನ್ನೊಬ್ಬರು ‘ಕವಡಿಮೋಲ’ ಅಂದಾರು. ಎರಡರಲ್ಲೂ ಕವಡಿ ಅಂದರೆ ಬೆಲೆ ಇಲ್ಲದ್ದು. ಅದೇ ಕವಡಿ ಸರವಾಗಿ ಜೋಗತಿಯ ಕೊರಳಲ್ಲಿ ಜತ್ತದ ಯಲ್ಲಮ್ಮನ ಜಾತ್ರೆಗೆ ಬಂದರೆ ಜನ ಕೈಮುಗಿಯುತ್ತಾರೆ.

ಈ ಬರದ ಸೀಮೆಯಲ್ಲಿ ಕವಡಿ ಹುಟ್ಟುವುದಿಲ್ಲ. ಹಿಂದೆ ಹಣವಾಗಿ ನಡೆದ ಕವಡಿ ಹೆಚ್ಚಾಗಿ ಮಾಲ್ಡೀವ್ಸ್‌ನದು. ಅಲ್ಲಿನವರು ತೆಂಗಿನ ಗರಿಗಳನ್ನು ಸಮುದ್ರದಲ್ಲಿ ತೇಲಿಬಿಟ್ಟು, ಅಂಟಿಕೊಂಡ ಕವಡಿ ಹುಳುಗಳನ್ನು ಮರಳಲ್ಲಿ ಹೂಳುತ್ತಿದ್ದರು. ಮಾಂಸ ಕೊಳೆತ ಮೇಲೆ ಚಿಪ್ಪು ತೊಳೆದು ಮಾರುತ್ತಿದ್ದರು. ಬಂಗಾಳದಲ್ಲಿ ಅದಕ್ಕೆ ಅಕ್ಕಿ ಸಿಗುತ್ತಿತ್ತು. ಡಚ್ಚರು, ಇಂಗ್ಲಿಷರು ಸಿಲೋನ್, ಬಂಗಾಳಗಳಲ್ಲಿ ಅದನ್ನು ಕೊಂಡು, ಹಡಗು ವಾಲದಿರಲೆಂದು ತಳದಲ್ಲಿ ಭಾರಕ್ಕೆ ತುಂಬಿ, ಆಮ್‌ಸ್ಟರ್‌ಡ್ಯಾಮ್ ಮತ್ತು ಲಂಡನ್‌ನಲ್ಲಿ ಹರಾಜಿಗೆ ಇಡುತ್ತಿದ್ದರು. ಅಲ್ಲಿಂದ ಗುಲಾಮರ ವ್ಯಾಪಾರಿಗಳ ಹಡಗು ಅದನ್ನು ಪಶ್ಚಿಮ ಆಫ್ರಿಕಕ್ಕೆ ಒಯ್ಯುತ್ತಿತ್ತು.

ಈಗಿನ ಬೆನಿನ್ ದೇಶದ ವೀಡಾ ಬಂದರಿನಲ್ಲಿ 40 ಕವಡಿಗೊಂದು ಸರದ ಲೆಕ್ಕ. 1680ರ ದಶಕದಲ್ಲಿ ಒಬ್ಬ ಮನುಷ್ಯನ ಬೆಲೆ ಸುಮಾರು 10,000 ಕವಡಿ. 1770ರ ದಶಕಕ್ಕೆ 1,60,000ದ ಆಸುಪಾಸು. ಗುಜರಾತ, ಕೋರಮಂಡಲದ ಹತ್ತಿ ಬಟ್ಟೆಯೂ ಅದೇ ಪೇಟೆಯಲ್ಲಿ ನಡೆಯುತ್ತಿತ್ತು. ಹೀಗೆ ಕೊಂಡವರನ್ನು ದುಡಿಸಿದ ಕ್ಯಾರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಹುಟ್ಟುವವರಿಗಿಂತ ಸಾಯುವವರು ಹೆಚ್ಚು. ಯುರೋಪಿನ ಚಹಾಕ್ಕೆ ಸಕ್ಕರೆ ನಿಲ್ಲಬಾರದೆಂದರೆ ಸತ್ತವರ ಜಾಗಕ್ಕೆ ಹೊಸಬರ ಹಡಗು ಬರುತ್ತಲೇ ಇರಬೇಕಿತ್ತು. 18ನೆಯ ಶತಮಾನದಲ್ಲಿ ಪಶ್ಚಿಮ ಆಫ್ರಿಕಕ್ಕೆ ಹೋದ ಕವಡಿ ಸಾವಿರ ಕೋಟಿ ದಾಟುತ್ತದೆ. ನಾವು ಬೆಲೆಯಿಲ್ಲದ್ದು ಅಂದುಕೊಂಡ ವಸ್ತುವನ್ನೇ ಎಣಿಸಿ ಎಣಿಸಿ ಅಲ್ಲಿ ತಾಯಂದಿರನ್ನು, ಮಕ್ಕಳನ್ನು ಕೊಂಡರು. ಇದನ್ನು ಸಹಿಸಿಕೊಳ್ಳುವುದು ನನಗೆ ಕಷ್ಟ.

ಗುಲಾಮಗಿರಿ ರದ್ದತಿಗೆ 1833ರಲ್ಲಿ ಕಾಯ್ದೆ ತಂದ ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಒಡೆಯರಿಗೆ. ದುಡಿದವರಿಗೆ ಕವಡಿಯೂ ಸಿಗಲಿಲ್ಲ. ಈ ಒಂದು ಕಡೆ ಆ ಮಾತನ್ನು ಹಿಂಜರಿಯದೆ ಬಳಸುತ್ತೇನೆ.

ಕವಡಿಗೆ ಬೇರೊಂದು ಬಾಳೂ ಇತ್ತು. ಮಾರಾಟವಾಗಿ ಬ್ರೆಜಿಲ್ ಸೇರಿದ ಪಶ್ಚಿಮ ಆಫ್ರಿಕದ ಯೊರೂಬಾ ಜನ ತಮ್ಮ ಕವಡಿ ಶಾಸ್ತ್ರವನ್ನು ಬಿಟ್ಟುಕೊಡಲಿಲ್ಲ. ಅಲ್ಲಿನ ಬಾಹಿಯಾದಲ್ಲಿ ಇಂದಿಗೂ 16 ಕವಡಿ ಚೆಲ್ಲಿ ಒರಿಷಾ ದೇವತೆಗಳ ಮಾತು ಕೇಳುತ್ತಾರೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಈ ಆರಾಧನೆಯ ಮನೆಗಳ ಮೇಲೆ ಪೊಲೀಸರ ದಾಳಿ ಆಮೇಲೂ ನಿಲ್ಲಲಿಲ್ಲ.